ಹೇಳಿಕೊಳ್ಳಲಾಗದ ಭಾರ



ಸಕ್ಕರೆ ಕಾಯಿಲೆ, ಥೈರಾಯ್ಡ್, ಗರ್ಭಕೋಶದ ತೊಂದರೆಗಳ ಬಗ್ಗೆ ನೀವು ಎಷ್ಟೋ ಲೇಖನಗಳನ್ನು ಓದಿರುತ್ತೀರಿ. ನಾನು ಇಂದು ಬರೆಯುತ್ತಿರುವ ವಿಷಯವನ್ನು ಮಾತ್ರ ನಮ್ಮಲ್ಲಿ ಹೆಚ್ಚಿನವರು ಸ್ವಂತ ಅಕ್ಕತಂಗಿಯರ ಬಳಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಸ್ತನಗಳು ಅತಿಯಾಗಿ ಬೆಳೆದು ಅವುಗಳ ಭಾರವೇ ಕಾಯಿಲೆಯಾಗುವುದುಂಟು. ಅದನ್ನು ಶಸ್ತ್ರಚಿಕಿತ್ಸೆಯಿಂದ ಕಡಿಮೆ ಮಾಡಿಸಿಕೊಳ್ಳಲು ನಾನು ತಯಾರಾಗುತ್ತಿದ್ದೇನೆ. ಓದುತ್ತಾ ಮುಖ ತಿರುಗಿಸಬೇಡಿ. ನಿಮಗಲ್ಲದಿದ್ದರೆ ನಿಮ್ಮ ಮಗಳಿಗೋ ನಾದಿನಿಗೋ ಈ ಮಾಹಿತಿ ಬೇಕಾಗಬಹುದು.

ನನಗೀಗ 44 ವರ್ಷ. ಮದ್ರಸದಲ್ಲಿ ಕಲಿತು, ಆಮೇಲೆ ಬಿ.ಎ. ಮುಗಿಸಿ, 20 ವರ್ಷಗಳಿಂದ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಮೂವರು ಮಕ್ಕಳ ತಾಯಿ. ದಿನಕ್ಕೆ ಐದಾರು ಪಿರಿಯಡ್ ನಿಂತೇ ಪಾಠ ಮಾಡಬೇಕು. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆಯಿಂದ ಭುಜದವರೆಗೆ ಯಾರೋ ಹಗ್ಗ ಕಟ್ಟಿ ಎಳೆದಂತೆ ನೋವು. ಬ್ರಾ ಪಟ್ಟಿ ಒತ್ತಿ ಒತ್ತಿ ಎರಡೂ ಭುಜಗಳಲ್ಲಿ ಗುಳಿ ಬಿದ್ದಿದೆ. ನಮ್ಮ ಕರಾವಳಿಯ ಸೆಕೆ ನಿಮಗೆ ಗೊತ್ತು. ಬೇಸಗೆಯಲ್ಲಿ ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು, ಚರ್ಮ ಕೆಂಪಾಗಿ ಉರಿಯುತ್ತದೆ. ರಾತ್ರಿ ಮಗ್ಗುಲಾದರೆ ಎಚ್ಚರವಾಗುತ್ತದೆ. ಸುಜೂದ್‌ನಿಂದ ಏಳುವಾಗ ಬೆನ್ನು ಹಿಡಿದುಕೊಳ್ಳುತ್ತದೆ.

ಮೊದಲು ಮಾಡಬೇಕಾದ ಚಿಕಿತ್ಸೆಗಳನ್ನೆಲ್ಲ ಮಾಡಿಸಿಕೊಂಡೆ. ಫಿಸಿಯೋಥೆರಪಿ ಆಯಿತು. ಸರಿಯಾದ ಅಳತೆಯ ಅಗಲ ಪಟ್ಟಿಯ ಬ್ರಾ ಆಯಿತು. ಚರ್ಮಕ್ಕೆ ಮುಲಾಮು ಆಯಿತು. ಊಟ ಕಡಿಮೆ ಮಾಡಿ, ನಡೆದು, 6 ಕಿಲೋ ತೂಕ ಇಳಿಸಿದೆ. ಹೊಟ್ಟೆ ಕರಗಿತು, ಕೆನ್ನೆ ಬತ್ತಿತು, ಎದೆಯ ಭಾರ ಅಷ್ಟಾಗಿ ತಗ್ಗಲಿಲ್ಲ. ಸ್ತನದಲ್ಲಿ ಕೊಬ್ಬಿನ ಜೊತೆ ಗ್ರಂಥಿಯೂ ಇರುತ್ತದೆ, ಕೊಬ್ಬು ಕರಗಿದಂತೆ ಗ್ರಂಥಿ ಕರಗುವುದಿಲ್ಲ ಎಂದು ವೈದ್ಯೆ ವಿವರಿಸಿದರು.

ಆದರೂ ನನ್ನನ್ನು ನಿರ್ಧಾರಕ್ಕೆ ತಂದದ್ದು ನೋವಿಗಿಂತ ಹೆಚ್ಚಾಗಿ ನನ್ನ ಮಗಳು. ಅವಳು ಪಿಯುಸಿ ಓದುತ್ತಿದ್ದಾಳೆ. ಬ್ಯಾಗನ್ನು ಬೆನ್ನಿಗೆ ಹಾಕದೆ ಎದೆಗೆ ಅವುಚಿಕೊಂಡು, ಭುಜ ಕುಗ್ಗಿಸಿ ನಡೆಯುತ್ತಾಳೆ. ಆಟಕ್ಕೆ ಹೋಗುವುದನ್ನು ಬಿಟ್ಟಿದ್ದಾಳೆ. ಒಂದು ದಿನ ನನ್ನ ಭುಜಕ್ಕೆ ಎಣ್ಣೆ ತಿಕ್ಕುತ್ತಾ, "ಉಮ್ಮ, ನನಗೂ ನಿಮ್ಮ ಹಾಗೆಯೇ ಆಗುತ್ತದಾ?" ಎಂದು ಕೇಳಿದಳು. ಈ ಮೈಕಟ್ಟು ಎಷ್ಟೋ ಮನೆತನಗಳಲ್ಲಿ ತಾಯಿಯಿಂದ ಮಗಳಿಗೆ ಬರುತ್ತದೆ. ನನ್ನ ಉಮ್ಮ ಇದೇ ನೋವಿನಲ್ಲಿ ಬೆನ್ನು ಬಾಗಿ ಮುದುಕಿಯಾದರು, ಯಾರಿಗೂ ಒಂದು ಮಾತು ಹೇಳಲಿಲ್ಲ. ಮಗಳಿಗೂ ನಾನು ಆ ಮೌನವನ್ನೇ ಬಿಟ್ಟು ಹೋಗಬೇಕೇ?

ಇದು ಧರ್ಮಕ್ಕೆ ಒಪ್ಪಿಗೆಯೇ?

ಮನೆಯಲ್ಲಿ ವಿಷಯ ತಿಳಿದಾಗ ಅತ್ತೆ ಗಾಬರಿಯಾದರು. "ಅಲ್ಲಾಹನು ಕೊಟ್ಟದ್ದನ್ನು ಕತ್ತರಿಸುವುದಾ ಮಗಳೇ?" ಎಂದರು. ಅವರ ಪ್ರಶ್ನೆಯಲ್ಲಿ ಕಾಳಜಿಯಿತ್ತು, ಆದ್ದರಿಂದ ಸಮಾಧಾನದಿಂದಲೇ ಉತ್ತರಿಸಿದೆ. ಬರೀ ಚಂದಕ್ಕಾಗಿ ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದು ಬೇರೆ, ನೋವಿಗೆ ಚಿಕಿತ್ಸೆ ಪಡೆಯುವುದು ಬೇರೆ. ಚಿಕಿತ್ಸೆ ಪಡೆಯಲು ಪ್ರವಾದಿ(ಸ)ರೇ ಹೇಳಿದ್ದಾರೆ. ಯುದ್ಧದಲ್ಲಿ ಮೂಗು ಕಳಕೊಂಡಿದ್ದ ಅರ್ಫಜ(ರ) ಬೆಳ್ಳಿಯ ಮೂಗು ಇಟ್ಟುಕೊಂಡಾಗ ಅದು ವಾಸನೆ ಬರತೊಡಗಿತು. ಗಂಡಸರಿಗೆ ಚಿನ್ನ ನಿಷಿದ್ಧವಾಗಿದ್ದರೂ ಚಿನ್ನದ ಮೂಗು ಇಟ್ಟುಕೊಳ್ಳಲು ಪ್ರವಾದಿ(ಸ)ರು ಅವರಿಗೆ ಹೇಳಿದ ಘಟನೆ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 2007ರಲ್ಲಿ ಮಲೇಷ್ಯಾದಲ್ಲಿ ಸಭೆ ಸೇರಿದಾಗ ಈ ವಿಷಯವನ್ನೇ ಚರ್ಚಿಸಿತು. ದೈಹಿಕ ಅಥವಾ ಮಾನಸಿಕ ತೊಂದರೆ ಕೊಡುವ ದೋಷವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಅನುಮತಿಯಿದೆ ಎಂದು ಅದು ತೀರ್ಮಾನಿಸಿತು.

ಇದೇನೂ ಹೊಸ ಕಾಲದ ಖಯಾಲಿಯೂ ಅಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕೊರ್ಡೋಬಾದಲ್ಲಿದ್ದ ಅಬುಲ್ ಕಾಸಿಮ್ ಅಝ್ಝಹ್ರಾವಿ, ಗಂಡಸರ ಎದೆ ಹೆಂಗಸರಂತೆ ಬೆಳೆದಾಗ ಅದನ್ನು ಸರಿಪಡಿಸುವ ಶಸ್ತ್ರಕ್ರಿಯೆಯನ್ನು ತಮ್ಮ ವೈದ್ಯಗ್ರಂಥದಲ್ಲಿ ವಿವರಿಸಿದ್ದರು.

ಇಷ್ಟೆಲ್ಲ ಕೇಳಿದ ಮೇಲೆ, "ನಿಮ್ಮ ಕಣ್ಣಿನ ಪೊರೆ ತೆಗೆಸಿದ್ದು ನೆನಪಿದೆಯಾ ಅತ್ತೆ?" ಎಂದೆ. ಅವರು ನಕ್ಕುಬಿಟ್ಟರು. ಈಗ ನನಗಾಗಿ ದುಆ ಮಾಡುತ್ತಿದ್ದಾರೆ.

ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ಇದನ್ನು ಪ್ಲಾಸ್ಟಿಕ್ ಸರ್ಜನ್ ಮಾಡುತ್ತಾರೆ. ನನಗೆ ಒಬ್ಬ ವೈದ್ಯೆಯೇ ಸಿಕ್ಕಿದ್ದು ಅಲ್ಲಾಹನ ಅನುಗ್ರಹ. ಮಹಿಳಾ ವೈದ್ಯರು ಸಿಗದಿದ್ದರೆ ಅನಿವಾರ್ಯ ಸಂದರ್ಭದಲ್ಲಿ ಪುರುಷ ವೈದ್ಯರಿಂದಲೂ ಚಿಕಿತ್ಸೆ ಪಡೆಯಬಹುದು. ಪರೀಕ್ಷೆಯ ವೇಳೆ ಜೊತೆಗೊಬ್ಬ ಹೆಂಗಸು ಇರಲಿ ಎಂದು ಕೇಳಲು ಸಂಕೋಚ ಬೇಡ. ಶಸ್ತ್ರಚಿಕಿತ್ಸೆಗೆ ಮುಂಚೆ ಅಳತೆಗಾಗಿ ಫೋಟೋ ತೆಗೆಯುತ್ತಾರೆ. ಮುಖ ಬಾರದಂತೆ ತೆಗೆಯಬೇಕು, ನನ್ನ ಅನುಮತಿಯಿಲ್ಲದೆ ಬೇರೆಯವರಿಗೆ ತೋರಿಸಬಾರದು ಎಂದು ನಾನು ಮೊದಲೇ ಮಾತಾಡಿಕೊಂಡಿದ್ದೇನೆ.

ಪೂರ್ಣ ಅರಿವಳಿಕೆ ಕೊಟ್ಟು, ಸುಮಾರು 2ರಿಂದ 4 ಗಂಟೆಗಳ ಕಾಲ ಶಸ್ತ್ರಕ್ರಿಯೆ ನಡೆಯುತ್ತದೆ. ಹೆಚ್ಚಾದ ಕೊಬ್ಬು, ಗ್ರಂಥಿ ಮತ್ತು ಚರ್ಮವನ್ನು ತೆಗೆದು, ಉಳಿದದ್ದನ್ನು ಮೇಲಕ್ಕೆತ್ತಿ ಹೊಲಿಯುತ್ತಾರೆ. ಮೊಲೆತೊಟ್ಟನ್ನು ಸಾಮಾನ್ಯವಾಗಿ ಪೂರ್ತಿ ಬೇರ್ಪಡಿಸುವುದಿಲ್ಲ. ರಕ್ತನಾಳ, ನರಗಳಿರುವ ಅಂಗಾಂಶದ ಸಂಪರ್ಕದಲ್ಲೇ ಇಟ್ಟು ಮೇಲಿನ ಜಾಗಕ್ಕೆ ಸರಿಸುತ್ತಾರೆ. ಗಾತ್ರ ತೀರಾ ದೊಡ್ಡದಿದ್ದರೆ ಮಾತ್ರ ಬೇರ್ಪಡಿಸಿ ಕಸಿ ಮಾಡಬೇಕಾಗುತ್ತದೆ. ತೆಗೆದ ಅಂಗಾಂಶವನ್ನು ಪ್ರಯೋಗಾಲಯಕ್ಕೆ ಕಳಿಸಿ ಕ್ಯಾನ್ಸರ್ ಲಕ್ಷಣವಿದೆಯೇ ಎಂದು ನೋಡುತ್ತಾರೆ. ನನ್ನ ವಯಸ್ಸಿನವರಿಗೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಮ್ಯಾಮೋಗ್ರಾಮ್ ಮಾಡಿಸುತ್ತಾರೆ.

ನನ್ನಿಂದ ಒಂದೊಂದು ಕಡೆ ಸುಮಾರು ಅರ್ಧ ಕಿಲೋದಷ್ಟು ತೆಗೆಯಬೇಕಾದೀತು ಎಂದು ವೈದ್ಯೆ ಅಂದಾಜಿಸಿದ್ದಾರೆ. ಅರ್ಧ ಲೀಟರಿನ ಎರಡು ಹಾಲಿನ ಪ್ಯಾಕೆಟ್‌ಗಳನ್ನು ಕುತ್ತಿಗೆಗೆ ಕಟ್ಟಿಕೊಂಡು ಇಡೀ ದಿನ ಓಡಾಡಿ ನೋಡಿ, ಅರ್ಥವಾಗುತ್ತದೆ.

ಏನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು?

ಕುತ್ತಿಗೆ, ಭುಜ, ಬೆನ್ನಿನ ನೋವು ಕಡಿಮೆಯಾಗುವುದು, ಚರ್ಮದ ಉರಿ ನಿಲ್ಲುವುದು, ನೆಟ್ಟಗೆ ನಿಂತು ನಡೆಯಲು ಸಾಧ್ಯವಾಗುವುದು, ಇವು ಮುಖ್ಯ ಲಾಭಗಳು. ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ತೃಪ್ತರಾಗಿರುತ್ತಾರೆ ಎಂದು ವೈದ್ಯೆ ಹೇಳಿದರು. ಆದರೆ ಬೆನ್ನುನೋವಿಗೆ ಮೂಳೆ ಸವೆತದಂತಹ ಬೇರೆ ಕಾರಣವೂ ಇದ್ದರೆ ಅದು ಇದರಿಂದ ಹೋಗುವುದಿಲ್ಲ.

ಗಾಯದ ಗುರುತು ಖಂಡಿತ ಉಳಿಯುತ್ತದೆ. ಮೊಲೆತೊಟ್ಟಿನ ಸುತ್ತ, ಅಲ್ಲಿಂದ ನೇರ ಕೆಳಕ್ಕೆ, ಮತ್ತು ಹಲವರಿಗೆ ಕೆಳಗಿನ ಮಡಿಕೆಯ ಉದ್ದಕ್ಕೂ ಗೆರೆ ಇರುತ್ತದೆ. ಮೊದಲ ತಿಂಗಳುಗಳಲ್ಲಿ ಕೆಂಪಾಗಿದ್ದು, ವರ್ಷ ಕಳೆಯುತ್ತಾ ಮಾಸುತ್ತದೆ, ಅಳಿಸಿ ಹೋಗುವುದಿಲ್ಲ. ಕೆಲವರ ಮೈಯಲ್ಲಿ ಅದು ದಪ್ಪಗೆ ಉಬ್ಬಬಹುದು. ಹಿಂದಿನ ಗಾಯಗಳು ಹಾಗೆ ಉಬ್ಬಿದ್ದರೆ ವೈದ್ಯರಿಗೆ ತಿಳಿಸಬೇಕು. ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಇರುವುದಿಲ್ಲ. ಇಂಥದ್ದೇ ಅಳತೆ ಎಂಬ ಖಾತರಿಯನ್ನೂ ಕೊಡಲಾಗದು. ಮೊಲೆತೊಟ್ಟಿನ ಸ್ಪರ್ಶಜ್ಞಾನ ಕಡಿಮೆಯಾಗಬಹುದು, ಅಪರೂಪಕ್ಕೆ ಪೂರ್ತಿ ಹೋಗಬಹುದು. ರಕ್ತಸ್ರಾವ, ಸೋಂಕು, ಹೊಲಿಗೆ ತಡವಾಗಿ ಮಾಯುವುದು, ಇವೆಲ್ಲ ಇರುವ ಅಪಾಯಗಳೇ. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರಿಗೆ ಮತ್ತು ಧೂಮಪಾನ ಮಾಡುವವರಿಗೆ ಅಪಾಯ ಹೆಚ್ಚು.

ಮಕ್ಕಳು ಬೇಕೆಂದಿರುವವರು ಮುಖ್ಯವಾಗಿ ಗಮನಿಸಬೇಕಾದ ಮಾತೊಂದಿದೆ. ಈ ಶಸ್ತ್ರಚಿಕಿತ್ಸೆಯ ನಂತರ ಕೆಲವರು ಮಗುವಿಗೆ ಹಾಲೂಡಿಸುತ್ತಾರೆ, ಕೆಲವರಿಗೆ ಹಾಲು ಸಾಲುವುದಿಲ್ಲ. ತೊಟ್ಟನ್ನು ಬೇರ್ಪಡಿಸಿ ಕಸಿ ಮಾಡಿದರೆ ಹಾಲೂಡಿಸಲು ಆಗುವುದಿಲ್ಲ. ಗರ್ಭಧಾರಣೆಯಿಂದಲೂ ತೂಕ ಏರುವುದರಿಂದಲೂ ಗಾತ್ರ ಮತ್ತೆ ಬದಲಾಗಬಹುದು. ನನ್ನ ಮಗಳ ಬಗ್ಗೆ ಕೇಳಿದಾಗ ವೈದ್ಯೆ, "ಟೀಚರ್, ಈಗಲೇ ಅವಸರ ಬೇಡ. ಬೆಳವಣಿಗೆ ನಿಲ್ಲಲಿ. ಸರಿಯಾದ ಅಳತೆಯ ಬ್ರಾ ಕೊಡಿಸಿ, ವ್ಯಾಯಾಮ ಮಾಡಲಿ. ನೋವಾದರೆ ಹೇಳಿಕೊಳ್ಳಲು ಕಲಿಸಿ" ಎಂದರು. ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ.

ಮನೆಯ ತಯಾರಿ

ರಂಝಾನ್, ಈದ್ ಕಳೆದು ಶಾಲೆಗೆ ಬೇಸಗೆ ರಜೆ ಸಿಕ್ಕಿದ ಮೇಲೆ ಎಂದು ದಿನ ಗೊತ್ತುಮಾಡಿದ್ದೇವೆ. ಆಸ್ಪತ್ರೆಯಲ್ಲಿ ಒಂದೆರಡು ದಿನ. ಹಗುರ ಕೆಲಸಗಳಿಗೆ ಮರಳಲು ಎರಡು ಮೂರು ವಾರ, ಭಾರ ಎತ್ತಲು ಸುಮಾರು 6 ವಾರ ಬೇಕು. ಅಷ್ಟು ದಿನ ಕೊಡಪಾನ, ಅಕ್ಕಿ ಚೀಲ, ಗ್ಯಾಸ್ ಸಿಲಿಂಡರ್ ನನ್ನ ಕೈಗೆ ಬರಬಾರದು. ಕೈ ಮೇಲೆತ್ತುವ ಹಾಗಿಲ್ಲ, ಆದ್ದರಿಂದ ಅಟ್ಟದ ಡಬ್ಬಿಗಳನ್ನೆಲ್ಲ ಕೆಳಗಿಡಲಿದ್ದೇನೆ. ತಲೆಯಿಂದ ಹಾಕುವ ಬುರ್ಖಾ ಬದಲು ಮುಂದೆ ಗುಂಡಿಯಿರುವುದನ್ನು ಹೊಲಿಸಿದ್ದೇನೆ. ವಾರಗಟ್ಟಲೆ ಹಗಲೂ ರಾತ್ರಿ ಸರ್ಜಿಕಲ್ ಬ್ರಾ ಹಾಕಬೇಕು, ದಿಂಬು ಇಟ್ಟು ಬೆನ್ನ ಮೇಲೆಯೇ ಮಲಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ಮತ್ತು ನಾಟಿ ಔಷಧ ಏನೇ ಸೇವಿಸುತ್ತಿದ್ದರೂ ಮೊದಲೇ ವೈದ್ಯರಿಗೆ ಹೇಳಬೇಕು, ತಾವಾಗಿ ನಿಲ್ಲಿಸಬಾರದು.

ನನ್ನ ಪತಿ ಮೊದಲು ಮೌನವಾಗಿದ್ದರು. ಎರಡನೇ ಭೇಟಿಗೆ ಅವರನ್ನೂ ಕರೆದುಕೊಂಡು ಹೋದೆ. ವೈದ್ಯೆಯ ಮಾತು ಕೇಳಿ ಬರುವಾಗ ದಾರಿಯಲ್ಲಿ, "ಇಷ್ಟು ನೋವಿದೆ ಎಂದು ನನಗೆ ಗೊತ್ತೇ ಇರಲಿಲ್ಲ" ಎಂದರು. ಅಂದಿನಿಂದ ಅಕ್ಕಿ ಚೀಲ ಎತ್ತುವವರು ಅವರೇ.

ನಮಾಝಿನ ಚಿಂತೆ ಬೇಡ. ನಿಂತು ನಮಾಝ್ ಮಾಡಲಾಗದವರು ಕುಳಿತು, ಅದೂ ಆಗದವರು ಮಲಗಿ ಮಾಡಬಹುದೆಂದು ಪ್ರವಾದಿ(ಸ)ರು ಇಮ್ರಾನ್ ಬಿನ್ ಹುಸೈನ್(ರ)ರಿಗೆ ಹೇಳಿದ್ದು ಬುಖಾರಿಯಲ್ಲಿದೆ. ಬಗ್ಗಲಾಗದ ದಿನಗಳಲ್ಲಿ ಕುರ್ಚಿಯಲ್ಲಿ ಕುಳಿತು ಸನ್ನೆಯಿಂದ ರುಕೂ, ಸುಜೂದ್ ಮಾಡಬಹುದು. ಎದೆಯ ಪಟ್ಟಿಯಿಂದ ವುಝೂಗೆ ಅಡ್ಡಿಯಿಲ್ಲ. ಕಡ್ಡಾಯ ಸ್ನಾನದ ಬಗ್ಗೆ ನಿಮ್ಮ ಮದ್‌ಹಬಿನ ವಿದ್ವಾಂಸರನ್ನು ಕೇಳಿಕೊಳ್ಳಿ.

ಹಣದ ಮಾತೂ ಮುಖ್ಯ. ವೈದ್ಯರ ಶುಲ್ಕ, ಅರಿವಳಿಕೆ, ಥಿಯೇಟರ್, ಕೋಣೆ, ಪ್ರಯೋಗಾಲಯ, ಎಲ್ಲ ಸೇರಿದ ಅಂದಾಜನ್ನು ಬರವಣಿಗೆಯಲ್ಲಿ ಪಡೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಏಕರೂಪಗೊಳಿಸಿದ ನಿಯಮದಂತೆ, ಚಂದಕ್ಕಾಗಿ ಮಾಡಿಸುವ ಪ್ಲಾಸ್ಟಿಕ್ ಸರ್ಜರಿಗೆ ಆರೋಗ್ಯ ವಿಮೆ ಹಣ ಕೊಡಬೇಕಾಗಿಲ್ಲ. ಆರೋಗ್ಯಕ್ಕೆ ನೇರ ಅಪಾಯವಿದ್ದು ಚಿಕಿತ್ಸೆ ಅಗತ್ಯವೆಂದು ವೈದ್ಯರು ಪ್ರಮಾಣಪತ್ರ ಕೊಟ್ಟರೆ ಅದಕ್ಕೆ ವಿನಾಯಿತಿಯಿದೆ. ಆದ್ದರಿಂದ ಫಿಸಿಯೋಥೆರಪಿ, ಚರ್ಮರೋಗದ ಚೀಟಿಗಳನ್ನೆಲ್ಲ ಜೋಪಾನವಾಗಿಟ್ಟು, ವಿಮಾ ಕಂಪೆನಿಯ ಒಪ್ಪಿಗೆಯನ್ನು ಮುಂಚಿತವಾಗಿ ಕೇಳಬೇಕು. ನನ್ನ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಬಾರದಿದ್ದರೆ ಎಂದು ಚೀಟಿಯ ಹಣವನ್ನು ತೆಗೆದಿಟ್ಟಿದ್ದೇನೆ.

ಸಹೋದರಿ, ಎಲ್ಲರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಸರಿಯಾದ ಬ್ರಾ ಮತ್ತು ವ್ಯಾಯಾಮವೇ ಸಾಕಾಗಬಹುದು. ನೋವಿದ್ದರೆ ಒಬ್ಬ ವೈದ್ಯೆಯ ಮುಂದೆ ಕುಳಿತು ಹೇಳಿಕೊಳ್ಳಿ. ಸ್ತನದಲ್ಲಿ ಗಂಟು ಕಂಡರೂ ನಾಚಿಕೆಯಿಂದ ಮುಚ್ಚಿಟ್ಟು ತಡಮಾಡುವವರು ನಮ್ಮಲ್ಲಿದ್ದಾರೆ. ದೇಹ ಅಲ್ಲಾಹನು ಕೊಟ್ಟ ಅಮಾನತ್ತು, ಅದರ ಆರೈಕೆಯ ಬಗ್ಗೆ ಮಾತಾಡುವುದರಲ್ಲಿ ಲಜ್ಜೆಗೇಡಿತನವೇನೂ ಇಲ್ಲ.

ನನ್ನ ಮಗಳು ಈಗ ವೈದ್ಯೆಗೆ ಕೇಳಬೇಕಾದ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಡುತ್ತಿದ್ದಾಳೆ. ಅವುಗಳಲ್ಲಿ ಎರಡು ಅವಳದ್ದೇ ಪ್ರಶ್ನೆಗಳು. ಅಲ್ಲಾಹನು ನನಗೂ, ನೋವಿನಲ್ಲಿರುವ ಎಲ್ಲ ಸಹೋದರಿಯರಿಗೂ ಶಿಫಾ ಕರುಣಿಸಲಿ. ಆಮೀನ್.