ಮಾಳಮಡ್ಡಿಯ ಪಡಸಾಲೆಯಲ್ಲಿ

ಕಳೆದ ಶ್ರಾವಣದಲ್ಲಿ ಉಪನ್ಯಾಸದ ನಿಮಿತ್ತ ಧಾರವಾಡಕ್ಕೆ ಹೋದವನು ಮಾಳಮಡ್ಡಿಯಲ್ಲಿ ಶಿಷ್ಯರೊಬ್ಬರ ಮನೆಯಲ್ಲಿ ತಂಗಿದ್ದೆನು. ಹೊರಗೆ ಬಿಡದ ಜಿಟಿಜಿಟಿ ಮಳೆ. ಪಡಸಾಲೆಯ ರಟ್ಟಿನ ಪೆಟ್ಟಿಗೆಯಲ್ಲಿ ಕಣ್ಣು ತೆರೆಯದ ಮೂರು ಬೆಕ್ಕಿನ ಮರಿಗಳು. ತಾಯಿಬೆಕ್ಕು ವಾಹನಕ್ಕೆ ಸಿಕ್ಕು ಸತ್ತಿತ್ತು. ಆ ಮನೆಯ ಸೊಸೆ ಇಂತಹ ತಬ್ಬಲಿಗಳನ್ನು ತಂದು ಸಲಹುವವರು.

ನಾನು ಹಾಲಿನ ಬಟ್ಟಲು ತಂದೆನು. “ಆಕಳ ಹಾಲು ಬ್ಯಾಡ್ರಿ ಗುರುಗಳ, ಭೇದಿ ಆಗತೈತಿ. ಮೊದಲ ಮೈ ಬೆಚ್ಚಗಾಗಲಿ” ಎಂದರು. ಬಿಸಿನೀರಿನ ಬಾಟಲಿಗೆ ಅರಿವೆ ಸುತ್ತಿ ಮರಿಗಳ ಬದಿಗಿಟ್ಟರು. ಬಳಿಕ ಬೆಕ್ಕಿನ ಮರಿಗಳಿಗೆಂದೇ ದೊರೆಯುವ ಹಾಲಿನ ಪುಡಿಯನ್ನು ಕದಡಿ, ಬೋರಲಾಗಿ ಮಲಗಿಸಿ ಹನಿಹನಿಯಾಗಿ ಕುಡಿಸಿದರು. ತಾಯಿ ನೆಕ್ಕುವಂತೆ ಒದ್ದೆ ಅರಿವೆಯಿಂದ ಒರೆಸಿದಾಗಲೇ ಅವುಗಳಿಗೆ ಮಲಮೂತ್ರ ವಿಸರ್ಜನೆ. ಎರಡು ಮೂರು ತಾಸಿಗೊಮ್ಮೆ, ನಡುರಾತ್ರಿಯಲ್ಲಿಯೂ ಇದೇ ಸೇವೆ.

ಬಾಲ್ಯದಲ್ಲಿ ಮಠದ ಕಟ್ಟಿಗೆ ಕೋಣೆಯಲ್ಲಿ ದೊರೆತ, ಮೈ ತಣ್ಣಗಾಗಿದ್ದ ಮರಿಯೊಂದನ್ನು ನಾನು ಅಂಗಾತ ಹಿಡಿದು ಆಕಳ ಹಾಲು ಹಾಕಿದ್ದೆನು. ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು. ಅದರ ಆಯುಷ್ಯವೇ ಅಷ್ಟೆಂದು ಐವತ್ತು ವರ್ಷ ನಂಬಿದ್ದೆನು. ದಯೆಗೂ ಅರಿವು ಬೇಕೆಂಬುದು ಈ ಪಡಸಾಲೆಯಲ್ಲಿ ತಿಳಿಯಿತು.

ಆ ರಾತ್ರಿ ಎರಡು ಗಂಟೆಯ ಸರದಿಯನ್ನು ನಾನೇ ಬೇಡಿ ಪಡೆದೆನು. ವಾರದ ತರುವಾಯ ಊರಿಗೆ ದೂರವಾಣಿ ಬಂದಿತು: ಮೂರೂ ಕಣ್ಣು ತೆರೆದಿದ್ದವು.