ಅಜ್ಜೀ, ಹದ ಬಂತಾ?

ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಇಲ್ಲೇ ಹುಟ್ಟಿದ ಒಂಬತ್ತು ವರ್ಷದ ಮಗಳಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಮೂರೂ ಸಲೀಸು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಸಾಗರದಲ್ಲಿರುವ ನನ್ನ ಅಮ್ಮನಿಗೋ ಕನ್ನಡ ಬಿಟ್ಟರೆ ಬೇರೆ ಭಾಷೆ ಇಲ್ಲ. ಹಾಗಾಗಿ ಭಾನುವಾರದ ಫೋನಿನಲ್ಲಿ ಅಜ್ಜಿ ಮೊಮ್ಮಗಳ ಮಾತುಕತೆ ಎರಡೇ ಸಾಲು. “ಊಟ ಆಯ್ತಾ ಪುಟ್ಟಿ?” “ಆಯ್ತು ಅಜ್ಜಿ.” ಆಮೇಲೆ ಫೋನು ನನ್ನ ಕೈಗೆ. ತಪ್ಪು ನನ್ನದೇ ಎಂದು ಗೊತ್ತಿದ್ದರೂ ಪ್ರತಿ ವಾರ ಅದನ್ನು ಮುಂದಿನ ವಾರಕ್ಕೆ ತಳ್ಳುತ್ತಿದ್ದೆ.

ಕಳೆದ ಡಿಸೆಂಬರಿನಲ್ಲಿ ಮಗಳು ಜಿಂಜರ್‌ಬ್ರೆಡ್ ಕುಕ್ಕಿ ಮಾಡಬೇಕೆಂದು ಹಟ ಹಿಡಿದಳು. ಪ್ರತಿ ಕ್ರಿಸ್‌ಮಸ್‌ಗೆ ಅವಳ ಗೆಳತಿಯ ಮನೆಯಿಂದ ತಟ್ಟೆ ತುಂಬ ತಿಂಡಿ ಬರುತ್ತದೆ. ನಾವು ಕೊಡುವುದು ಅಂಗಡಿಯ ಚಾಕಲೇಟು. ಈ ಸಲ ಕೈಯಾರೆ ಮಾಡಿ ಕೊಡಬೇಕು ಎಂಬುದು ಅವಳ ಆಸೆ.

ಸಾಮಾನಿನ ಪಟ್ಟಿ ನೋಡಿದರೆ ಹೊಸದೇನೂ ಇರಲಿಲ್ಲ. ಮೈದಾ, ಬೆಣ್ಣೆ, ಸಕ್ಕರೆ, ಒಣಶುಂಠಿ ಪುಡಿ, ದಾಲ್ಚಿನ್ನಿ, ಲವಂಗ, ಚಿಟಿಕೆ ಸೋಡಾ. ಸಿಗದಿದ್ದದ್ದು ಮೊಲಾಸಿಸ್ ಒಂದೇ. ಅದರ ಬದಲಿಗೆ ಊರಿಂದ ಅಮ್ಮ ಕಳಿಸಿದ ಜೋನಿಬೆಲ್ಲ ಇತ್ತು. ಇಲ್ಲಿಯವರು ಅದನ್ನೇ ಕಾಕವಿ ಎನ್ನುತ್ತಾರೆ. ಯೋಚಿಸಿದರೆ ಈ ಬಿಸ್ಕತ್ತಿನ ಬೇರು ನಮ್ಮ ಕಡೆಯದೇ. ‘ಜಿಂಜರ್’ ಎಂಬ ಪದವೇ ಗ್ರೀಕ್ ಭಾಷೆಯ ಮೂಲಕ ನಮ್ಮ ದಕ್ಷಿಣದ ‘ಇಂಜಿ’ಯಿಂದ ಹೋದದ್ದು ಎನ್ನುತ್ತಾರೆ ಭಾಷೆ ಬಲ್ಲವರು. ಜರ್ಮನಿಯ ನ್ಯೂರೆಂಬರ್ಗ್ ಇಂಥ ಮಸಾಲೆ ಬಿಸ್ಕತ್ತಿಗೆ ಹೆಸರಾದದ್ದೂ ಸಾಂಬಾರ ಪದಾರ್ಥಗಳ ವ್ಯಾಪಾರದ ದಾರಿಯಲ್ಲಿ ಇದ್ದುದರಿಂದ. ಹಿಂದೆ ಅಲ್ಲಿ ಮರದ ಅಚ್ಚುಗಳಲ್ಲಿ ಒತ್ತಿ ಮಾಡುತ್ತಿದ್ದರಂತೆ, ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ.

ಎಲ್ಲವನ್ನೂ ಅಳೆದೇ ಹಾಕಿದೆ. ಲಟ್ಟಿಸಿ, ಮನುಷ್ಯನ ಆಕಾರಕ್ಕೆ ಕತ್ತರಿಸಿ, 180 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟೆ. ತೆಗೆದು ನೋಡಿದರೆ ಮನುಷ್ಯರೇ ಇಲ್ಲ! ಎಲ್ಲರೂ ಕರಗಿ, ಒಬ್ಬರಿಗೊಬ್ಬರು ಅಂಟಿ ಕೂತಿದ್ದರು. ಮಗಳು ಅಳು. ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್ ಬಂತು. ನನ್ನ ಕೈಯೆಲ್ಲ ಹಿಟ್ಟು. ಬೇರೆ ದಾರಿಯಿಲ್ಲದೆ ಮಗಳೇ ಫೋನು ಹಿಡಿದಳು.

“ಎಂತಕ್ಕೆ ಅಳ್ತೀಯೇ ಪುಟ್ಟಿ?”

“ಅಜ್ಜಿ, ಕುಕ್ಕಿ... ಓಡಿ ಹೋಯ್ತು.”

ಅಮ್ಮ ನಕ್ಕಳು. ಮೊದಲು “ಮೊಟ್ಟೆ ಹಾಕಿಲ್ಲ ತಾನೆ?” ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಉಳಿದ ಹಿಟ್ಟು ತೋರಿಸು ಅಂದಳು. “ನೋಡು, ಈ ಸಲದ ಬೆಲ್ಲ ತೆಳು. ಹಿಟ್ಟಿಗೆ ಹದ ಬಂದಿಲ್ಲ.”

“ಹದ ಅಂದ್ರೆ?”

ನಾನು ಇಂಗ್ಲಿಷ್ ಪದ ಹುಡುಕುತ್ತಿದ್ದೆ, ಸಿಗಲಿಲ್ಲ. ಅಮ್ಮ ಹುಡುಕಲಿಲ್ಲ. ಅಪ್ಪ ಆಲೆಮನೆ ನಡೆಸುತ್ತಿದ್ದಾಗ ಕುದಿಯುವ ಪಾಕದ ಹನಿಯನ್ನು ನೀರಿಗೆ ಬಿಟ್ಟು ನೋಡುತ್ತಿದ್ದುದನ್ನು ಹೇಳಿದಳು. ಕರಗಿ ಹೋದರೆ ಇನ್ನೂ ಕುದಿಯಬೇಕು, ಉಂಡೆಯಾಗಿ ನಿಂತರೆ ಹದ. ಹಿಟ್ಟಿಗೂ ಹಾಗೇ: ಉಂಡೆ ಮಾಡಿ ಒತ್ತು, ಕೈಗೆ ಅಂಟಬಾರದು, ಅಂಚು ಬಿರಿಯಬಾರದು. ಆ ಆಲೆಮನೆ ಈಗಿಲ್ಲ, ಕಬ್ಬಿನ ಗದ್ದೆ ಅಡಿಕೆ ತೋಟವಾಗಿದೆ. ಅಪ್ಪನೂ ಇಲ್ಲ. ಮಗಳು ಈ ಕತೆ ಕೇಳಿದ್ದು ಅದೇ ಮೊದಲು.

ಎರಡು ಮುಷ್ಟಿ ಮೈದಾ ಸೇರಿಸಿ, ಹಿಟ್ಟನ್ನು ಒಂದು ಗಂಟೆ ಫ್ರಿಜ್‌ನಲ್ಲಿಟ್ಟೆವು. ಬೆಣ್ಣೆ ಗಟ್ಟಿಯಾಗಿ ಈ ಸಲ ಮನುಷ್ಯರು ಮನುಷ್ಯರಾಗಿಯೇ ಹೊರಬಂದರು. ಪೂರ್ತಿ ಆರಿದ ಮೇಲೆ ಅಲಂಕಾರ. ಬಿಸಿಯಿದ್ದರೆ ಐಸಿಂಗ್ ಕರಗಿ ಹರಿಯುತ್ತದೆ. ಮೊಟ್ಟೆಯ ಬಿಳಿಯ ಬದಲು ಪುಡಿ ಸಕ್ಕರೆಗೆ ಹಾಲು, ನಾಲ್ಕು ಹನಿ ನಿಂಬೆರಸ ಹಾಕಿ ಕಲಸಿದೆವು. ಮಗಳು ತಾನಾಗಿಯೇ ಅಜ್ಜಿಗೆ ಮತ್ತೆ ಫೋನು ಹಚ್ಚಿ, ಚಮಚವನ್ನು ಕ್ಯಾಮೆರಾದ ಮುಂದೆ ಎತ್ತಿ ಹಿಡಿದಳು.

“ಅಜ್ಜೀ, ಹದ ಬಂತಾ?”

“ಇಲ್ಲ, ನೀರಾಯ್ತು. ಇನ್ನೊಂಚೂರು ಸಕ್ಕರೆ ಹಾಕು.”

“ಈಗ?”

“ಎಳೆ ಬೀಳ್ತಾ ಇದ್ಯಲ್ಲ, ಸಾಕು.”

ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ, ಮೆಹಂದಿ ಕೋನಿನಂತೆ ಹಿಡಿದು ಕಣ್ಣು, ಬಾಯಿ, ಗುಂಡಿ ಬರೆದಳು. ಒಬ್ಬನ ನಗು ಕಿವಿಯತ್ತ ವಾಲಿತ್ತು. ಒಬ್ಬನಿಗೆ ಅಜ್ಜಿ ಹೇಳಿದಂತೆ ಕುಂಕುಮದ ಬೊಟ್ಟು. ಹನ್ನೆರಡು ಕುಕ್ಕಿ ಗೆಳತಿಯ ಮನೆಗೆ ಹೋದವು. ಮೊದಲ ಸಲದ ಅಂಟಿದ ತುಂಡುಗಳನ್ನು ನಾವು ಚಹಾದ ಜೊತೆ ಒಂದು ವಾರ ತಿಂದೆವು. ರುಚಿಗೇನೂ ಕಡಿಮೆಯಿರಲಿಲ್ಲ.

ಮಗಳ ಕನ್ನಡ ರಾತ್ರೋರಾತ್ರಿ ಸುಧಾರಿಸಿತು ಅಂತೇನಿಲ್ಲ. ಈಗಲೂ ಕುಕ್ಕಿ ‘ಓಡಿ’ ಹೋಗುತ್ತದೆ. ಆದರೆ ಮುಂದಿನ ಭಾನುವಾರ ಫೋನು ಬೇಗ ನನ್ನ ಕೈಗೆ ಬರಲಿಲ್ಲ. ಅಡುಗೆಮನೆಯಿಂದ ಕಿವಿಗೊಟ್ಟೆ. ಅಮ್ಮ ನಾಳೆಯ ದೋಸೆಗೆ ಹಿಟ್ಟು ರುಬ್ಬುತ್ತಿದ್ದಳಂತೆ. ಮಗಳು ಬಲು ಗಂಭೀರವಾಗಿ ವಿಚಾರಿಸುತ್ತಿದ್ದಳು: “ತೋರ್ಸು ಅಜ್ಜಿ, ಹದ ಬಂತಾ?”