ಅತ್ತೆಯ ಕೋಣೆಗೆ ಹೊಸ ಏಸಿ

ಸೋದರಿಯರೇ, ಏಸಿ ಅಂದ ಕೂಡಲೇ "ಅದು ದೊಡ್ಡವರ ಮನೆಯ ಮಾತು" ಅಂತ ಪುಟ ತಿರುವಬೇಡಿ. ನಾವೇನೂ ದೊಡ್ಡವರಲ್ಲ. ಆದರೆ ನಮ್ಮದು ರಾಯಚೂರು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟೋದು ಹೊಸದಲ್ಲ. ಫ್ಯಾನ್ ಹಾಕಿದರೆ ಒಲೆಯ ಮುಂದೆ ಕೂತು ಬೀಸಣಿಗೆ ಬೀಸಿಕೊಂಡ ಹಾಗೆ!

ನಮ್ಮತ್ತೆಗೆ ಈಗ ಎಂಬತ್ತರ ಹತ್ತಿರ. 2023ರ ಕೊನೆಗೆ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದರು. ಅವರ ಕೋಣೆಗೆ ನಮ್ಮಲ್ಲಿದ್ದ ಹಳೆಯ ಏಸಿಯನ್ನೇ ಹಾಕಿಸಿದೆವು. 2010ರಲ್ಲಿ ಕೊಂಡ ಒಂದೂವರೆ ಟನ್ನಿನ ಕಿಟಕಿ ಏಸಿ ಅದು. ತಂಪಿಗಿಂತ ಸದ್ದೇ ಹೆಚ್ಚು.

2024ರ ಮಾರ್ಚ್ ತಿಂಗಳ ಕರೆಂಟ್ ಬಿಲ್ಲು ಬಂದಾಗ ನಮ್ಮವರ ಮುಖ ಸಣ್ಣಗಾಯಿತು. 318 ಯೂನಿಟ್! ನಿಮಗೆ ಗೊತ್ತಲ್ಲ, 2023ರ ಆಗಸ್ಟಿನಿಂದ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಬಂತು. ನಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ಟಿಗಿಂತ ಹೆಚ್ಚಾದರೆ ಆ ಹೆಚ್ಚಿನದಕ್ಕೆ ಮಾತ್ರ ದುಡ್ಡು. ಆದರೆ 200 ದಾಟಿತೋ, ಪೂರ್ತಿ ಬಿಲ್ಲು ನಮ್ಮ ತಲೆಗೇ. ಊಟಕ್ಕೆ ಕೂತಾಗ ಇದೇ ಮಾತು ಆಡಿದೆವು. ಕೋಣೆಯ ಬಾಗಿಲು ತೆರೆದಿತ್ತು ಅನ್ನೋದು ಲಕ್ಷ್ಯಕ್ಕೇ ಬರಲಿಲ್ಲ.

ಎರಡು ದಿನ ಬಿಟ್ಟು ಮಧ್ಯಾಹ್ನ ಮೂರು ಗಂಟೆಗೆ ಮಜ್ಜಿಗೆ ಒಯ್ದು ನೋಡಿದರೆ ಏಸಿ ನಿಂತಿದೆ. ಅತ್ತೆಯ ನಾಲಿಗೆ ಒಣಗಿದೆ, ಮೈ ಕೆಂಡ, ನನ್ನನ್ನು ತಮ್ಮ ತಂಗಿ ಅಂತ ಕರೀತಿದ್ದಾರೆ. ಆಸ್ಪತ್ರೆಗೆ ಓಡಿದೆವು. ಸಲೈನ್ ಹಾಕಿ ಎರಡು ದಿನ ಇಟ್ಟುಕೊಂಡರು. ಚೇತರಿಸಿಕೊಂಡ ಮೇಲೆ ಕೇಳಿದರೆ ಅಂದರು, "ನನ್ನ ಸಲುವಾಗಿ ಯಾಕ ಅಷ್ಟು ರೊಕ್ಕ ತುಂಬತೀರವ್ವಾ? ಅದಕ್ಕ ಬಂದ್ ಮಾಡಿದೆ." ಹಾಸಿಗೆಯ ಪಕ್ಕದಲ್ಲೇ ಸ್ವಿಚ್ಚು, ಕೋಲಿನಿಂದ ಒತ್ತಿದ್ದರು. ಆ ಮಾತು ಕೇಳಿ ನನಗಾದ ನಾಚಿಕೆ ಹೇಳಲಾರೆ.

ಹೊಸದು ತರಲೇಬೇಕು ಅಂತ ಹಟ ಹಿಡಿದೆ. ಆದರೆ ಯಾವುದು? ಅಂಗಡಿಯವನು "ಮೇಲೆ ಬರೀ ತಾರಸಿ ಅಕ್ಕಾ, ಒಂದೂವರೆ ಟನ್ನೇ ಬೇಕು" ಅಂದ. ನಾನು ಮನೆಗೆ ಬಂದು ಟೇಪು ಹಿಡಿದೆ. ಕೋಣೆ ಹತ್ತಕ್ಕೆ ಹನ್ನೊಂದಡಿ. ಅಷ್ಟು ಜಾಗಕ್ಕೆ ಒಂದು ಟನ್ ಸಾಕು, ಬಿಸಿಲು ಒಳಗೆ ಬರದಂತೆ ನೋಡಿಕೊಂಡರೆ. ತಾರಸಿಗೆ ಎರಡು ಸಲ ದಪ್ಪನಾಗಿ ಸುಣ್ಣ ಬಳಿಸಿದೆ, ಪಡುವಣ ಕಿಟಕಿಗೆ ಹೊರಗಿನಿಂದ ಚಾಪೆ ಕಟ್ಟಿದೆ, ಬಾಗಿಲ ಕೆಳಗಿನ ಸಂದಿಗೆ ಹಳೆ ಸೀರೆಯ ಸುರುಳಿ ಇಟ್ಟೆ.

ಇನ್ನು ಸ್ಟಾರ್ ಲೆಕ್ಕ. ಬರೀ ನಕ್ಷತ್ರ ಎಣಿಸಬೇಡಿ, ಲೇಬಲ್ಲಿನ ಮೇಲೆ ಅದು ಯಾವ ವರ್ಷದ್ದು ಅಂತಲೂ ಓದಿ. 2022ರ ಜುಲೈನಲ್ಲಿ ನಿಯಮ ಬಿಗಿಮಾಡಿದಾಗ ಅಲ್ಲಿಯವರೆಗೆ 5 ಸ್ಟಾರ್ ಇದ್ದದ್ದು 4ಕ್ಕೆ ಇಳಿಯಿತು. ನನಗೂ ಅಂಗಡಿಯವನು ಮೊದಲು ತೋರಿಸಿದ್ದು ಹಳೆ ಲೇಬಲ್ಲಿನ ಮಾಲೇ!

ಅದೇ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಇರುತ್ತೆ. ಅದು 1600 ಗಂಟೆಯ ಲೆಕ್ಕ. ನಾನು ನೋಡಿದ ಒಂದು ಟನ್ನಿನ 3 ಸ್ಟಾರಿಗೆ 690, 5 ಸ್ಟಾರಿಗೆ 530 ಇತ್ತು. ಬೆಲೆಯಲ್ಲಿ ಆರು ಸಾವಿರ ವ್ಯತ್ಯಾಸ. ಉಳಿಯೋದು 160 ಯೂನಿಟ್, ಆರು ರೂಪಾಯಿಯಂತೆ ವರ್ಷಕ್ಕೆ 960. ಆರು ಸಾವಿರ ವಾಪಸ್ ಬರೋಕೆ ಆರು ವರ್ಷ ದಾಟುತ್ತೆ. "ಮತ್ಯಾಕೆ 5 ಸ್ಟಾರು?" ಅಂದರು ನಮ್ಮವರು. ಬೇಸಿಗೆಯಲ್ಲಿ ದಿನಕ್ಕೆರಡು ಗಂಟೆ ಹಾಕುವ ಮನೆಯಾದರೆ ಅವರ ಮಾತೇ ಸರಿ.

ನಾನು ಮಗನ ಹಳೆ ನೋಟ್‌ಬುಕ್ಕಿನಲ್ಲಿ ತಿಂಗಳ ಲೆಕ್ಕ ಹಾಕಿದೆ. ದಿನಕ್ಕೆ ಹತ್ತು ಗಂಟೆ ಅಂದರೆ ತಿಂಗಳಿಗೆ 300 ಗಂಟೆ. 5 ಸ್ಟಾರಿಗೆ ಸುಮಾರು 100 ಯೂನಿಟ್, 3 ಸ್ಟಾರಿಗೆ 130. ಲೇಬಲ್ಲಿನದು ಸರಾಸರಿ, ನಮ್ಮೂರಿನ ಮೇ ತಿಂಗಳು ಸರಾಸರಿಯಲ್ಲ. ಅದಕ್ಕೇ ಕಾಲು ಭಾಗ ಹೆಚ್ಚು ಹಿಡಿದೆ: 125 ಮತ್ತು 162. ಮನೆಯ ಉಳಿದ ಖರ್ಚು 70. ಒಂದರಲ್ಲಿ 195, ಇನ್ನೊಂದರಲ್ಲಿ 232! ನಮ್ಮವರು ನೋಟ್‌ಬುಕ್ ನೋಡಿ, ಮರುಮಾತಾಡದೆ ಪಾಸ್‌ಬುಕ್ ತೆಗೆದರು.

ಕೊಂಡದ್ದು ಇನ್ವರ್ಟರ್ ಏಸಿ. ಕೋಣೆ ತಂಪಾದ ಮೇಲೆ ಅದರ ಕಂಪ್ರೆಸರ್ ನಿಧಾನಕ್ಕೆ ಓಡುತ್ತೆ, ನಮ್ಮ ಹಳೆಯದರಂತೆ ನಿಂತು ನಿಂತು ಪೂರ್ತಿ ಜೋರಿನಲ್ಲಿ ಹೊರಡೋದಿಲ್ಲ. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ನೂರಕ್ಕೆ ಆರು ಪಾಲು ಕರೆಂಟ್ ಉಳಿಯುತ್ತಂತೆ. ನಾವು 26ಕ್ಕೆ ಇಟ್ಟು ಫ್ಯಾನನ್ನು ಒಂದರಲ್ಲಿ ತಿರುಗಿಸ್ತೀವಿ. ಎರಡು ವಾರಕ್ಕೊಮ್ಮೆ ಜಾಲರಿ ತೆಗೆದು ನಲ್ಲಿ ನೀರಲ್ಲಿ ತೊಳೆಯೋದು ನನ್ನದೇ ಕೆಲಸ.

ಮೇ ತಿಂಗಳ ಬಿಲ್ಲು 188 ಬಂತು. ಓಡಿಹೋಗಿ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಅಂಕಿಯ ಮೇಲೆ ಬೆರಳಿಟ್ಟು ನೋಡಿದರು. "ಹಂಗಾದ್ರ ಹನ್ನೆರಡು ಉಳದಾವ. ಸಂಜೀಕ ನೀನೂ ಇಲ್ಲೇ ಬಂದು ಕೂಡು" ಅಂದರು.

ಈಗ ಸಂಜೆ ಸೊಪ್ಪು ಸೋಸೋದು, ಬೆಳ್ಳುಳ್ಳಿ ಸುಲಿಯೋದು ಎಲ್ಲ ಆ ಕೋಣೆಯಲ್ಲೇ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಏಸಿಯ ಲೆಕ್ಕ ಖಂಡಿತ ಹಾಕಿ. ಬಿಲ್ಲಿನ ಮಾತು ಮಾತ್ರ ಅವರ ಕಿವಿಗೆ ಬೀಳದ ಹಾಗೆ ಆಡಿ.